ಬೈಸಿಕಲ್ಲಿನ ಬೆಲೆ

ಯಾವುದೇ ವಸ್ತುವಿಗೆ ಎರಡು ಬಗೆಯ ಬೆಲೆಗಳಿರುತ್ತವೆ. ಒಂದು, ಕೊಳ್ಳುವಾಗ ಅಂಗಡಿಯಲ್ಲಿ ತೆರುವ ಬೆಲೆ; ಇನ್ನೊಂದು, ಬಳಸುತ್ತ ಹೋದಂತೆ ಆ ವಸ್ತುವೇ ತೋರಿಸಿಕೊಡುವ ಬೆಲೆ. ಮೊದಲನೆಯದನ್ನು ಅಂಗಡಿಯ ಚೀಟಿ ಹೇಳುತ್ತದೆ. ಎರಡನೆಯದನ್ನು ತಿಳಿಯಲು ವಿವೇಕ ಬೇಕು, ತುಸು ಲೆಕ್ಕಾಚಾರವೂ ಬೇಕು. ಈ ಎರಡು ಬೆಲೆಗಳ ನಡುವಣ ಅಂತರವನ್ನು ಸ್ಪಷ್ಟವಾಗಿ ತೋರಿಸುವ ವಸ್ತುಗಳಲ್ಲಿ ಬೈಸಿಕಲ್ಲು ಒಂದು.

ಮಂಗಳೂರು ನಗರದ ಬೈಸಿಕಲ್ ಅಂಗಡಿಗಳಲ್ಲಿ ಇಂದು ಎರಡು ಬಗೆಯ ಗಾಡಿಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ. ಒಂದು ಕಡೆ ಕ್ಯಾರಿಯರ್, ಬೆಲ್ಲು, ಮಡ್‌ಗಾರ್ಡುಗಳಿರುವ ಸಾಧಾರಣ ಬೈಸಿಕಲ್ಲು. ಅದು ಸುಮಾರು 7,000 ರೂಪಾಯಿಗೆ ದೊರೆಯುತ್ತದೆ. ಇನ್ನೊಂದು ಕಡೆ ದಪ್ಪ ಟಯರು, ಹಲವು ಗೇರುಗಳು, ಶಾಕ್ ಅಬ್ಸಾರ್ಬರುಗಳಿಂದ ಮೆರೆಯುವ ‘ಮೌಂಟನ್ ಬೈಕ್’. ಅದಕ್ಕೆ 15,000ದಿಂದ 20,000 ರೂಪಾಯಿ ತೆರಬೇಕು. ಲಕ್ಷ ರೂಪಾಯಿಯನ್ನು ಮೀರಿದವುಗಳೂ ಉಂಟು. ಶಿರಸ್ತ್ರಾಣ, ಕೈಗವಸು, ವಿಶೇಷ ಉಡುಪು, ಪಾದರಕ್ಷೆಗಳ ಖರ್ಚು ಬೇರೆ. 2025ರ ಸೆಪ್ಟೆಂಬರಿನಲ್ಲಿ ಬೈಸಿಕಲ್ಲಿನ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇಕಡಾ 12ರಿಂದ 5ಕ್ಕೆ ಇಳಿಯಿತಾದರೂ, ತಿಂಗಳ ಸಂಬಳವನ್ನೇ ನಂಬಿದ ಸಂಸಾರಕ್ಕೆ ಈ ಹಣ ಅಲ್ಪವೇನಲ್ಲ. ಮಕ್ಕಳು ಬೇಕೆನ್ನುತ್ತಾರೆ, ಹೆತ್ತವರು ಯೋಚಿಸುತ್ತಾರೆ. ಇಷ್ಟು ಹಣಕ್ಕೆ ತಕ್ಕ ಫಲ ಇದರಿಂದ ದೊರೆಯುವುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮೌಂಟನ್ ಬೈಕ್ ಎಂದರೆ ಬೆಟ್ಟದ ಬೈಸಿಕಲ್ಲು. ಅದು ಹುಟ್ಟಿದ ಕಥೆಯೇ ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಡುತ್ತದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಗುಡ್ಡಗಾಡು ಪ್ರದೇಶದ ಕೆಲವು ತರುಣರು, ಮೂವತ್ತು ನಲವತ್ತು ವರ್ಷಗಳಷ್ಟು ಹಳೆಯದಾದ ದಪ್ಪ ಟಯರಿನ ಬೈಸಿಕಲ್ಲುಗಳನ್ನು ಹುಡುಕಿ ತಂದು, ಅವುಗಳನ್ನೇರಿ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಯತೊಡಗಿದರು. 1976ರಲ್ಲಿ ಆರಂಭವಾದ ಅವರ ಒಂದು ಸ್ಪರ್ಧೆಗೆ ‘ರಿಪ್ಯಾಕ್’ ಎಂಬ ಹೆಸರು ಬಂತು. ಕಡಿದಾದ ಇಳಿಜಾರಿನಲ್ಲಿ ಬ್ರೇಕು ಹಾಕಿದಂತೆಲ್ಲ ಹಿಂದಿನ ಚಕ್ರದ ನಡುಭಾಗವು ಕಾದು, ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೊಮ್ಮೆ ಇಳಿಯುವ ಮೊದಲು ಅಲ್ಲಿಗೆ ಹೊಸ ಗ್ರೀಸನ್ನು ತುಂಬಬೇಕಾಗುತ್ತಿತ್ತು. ಹೀಗೆ ಮರಳಿ ತುಂಬುವುದೇ ಆ ಹೆಸರಿನ ಅರ್ಥ. ಇಂಥ ತೊಂದರೆಗಳನ್ನು ಕಂಡುಂಡ ಮೇಲೆ, 1977ರಲ್ಲಿ ಜೋ ಬ್ರೀಜ್ ಎಂಬಾತನು ಬೆಟ್ಟಕ್ಕೆಂದೇ ಹೊಸ ಬೈಸಿಕಲ್ಲನ್ನು ನಿರ್ಮಿಸಿದನು. 1981ರ ಹೊತ್ತಿಗೆ ಅಂಥವು ಕಾರ್ಖಾನೆಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಾಗತೊಡಗಿದವು. 1996ರ ಅಟ್ಲಾಂಟಾ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಟ್ಟದ ಬೈಸಿಕಲ್ ಸ್ಪರ್ಧೆಗೂ ಸ್ಥಾನ ದೊರೆಯಿತು. ಇಲ್ಲಿ ದಾರಿ ಮೊದಲು ಬಂತು, ಅಗತ್ಯ ಅದರ ಹಿಂದೆ ಬಂತು, ವಸ್ತು ಕೊನೆಗೆ ಬಂತು. ಕೊಳ್ಳುವವನೂ ಇದೇ ಕ್ರಮದಲ್ಲಿ ಯೋಚಿಸುವುದು ಲೇಸು.

ಹಾಗಾದರೆ ಮಂಗಳೂರಿನ ದಾರಿಗಳು ಎಂಥವು? ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ನಡುವೆ, ಅರಬ್ಬಿ ಸಮುದ್ರಕ್ಕೆ ಮುಖಮಾಡಿ, ಮುರಕಲ್ಲಿನ ಗುಡ್ಡೆಗಳ ಮೇಲೂ ಅವುಗಳ ನಡುವಣ ತಗ್ಗುಗಳಲ್ಲೂ ಹರಡಿಕೊಂಡಿರುವ ನಗರವಿದು. ಬಾವುಟಗುಡ್ಡೆ, ಕೊಡಿಯಾಲಬೈಲು ಎಂಬ ಹೆಸರುಗಳಲ್ಲಿರುವ ‘ಗುಡ್ಡೆ’, ‘ಬೈಲು’ಗಳೇ ಈ ಏರಿಳಿತಕ್ಕೆ ಸಾಕ್ಷಿ. ಬಂದರಿನ ಕಡೆಯ ತಗ್ಗಿನಲ್ಲಿ ಮನೆಯಿರುವ ವಿದ್ಯಾರ್ಥಿಯ ಶಾಲೆಯು ಬಾವುಟಗುಡ್ಡೆಯ ಮೇಲೋ ಕದ್ರಿಗುಡ್ಡೆಯ ಮೇಲೋ ಇದ್ದರೆ, ಅವನು ಪ್ರತಿದಿನವೂ ಏರನ್ನು ಎದುರಿಸಲೇಬೇಕು. ಇಂಥಲ್ಲಿ ಗೇರು ಕೇವಲ ಅಲಂಕಾರವೆನಿಸದು.

ಗೇರಿನ ಉಪಕಾರವೇನೆಂಬುದನ್ನು ಸಣ್ಣ ಗಣಿತದಿಂದಲೇ ತಿಳಿಯಬಹುದು. ಸಾಧಾರಣ ಬೈಸಿಕಲ್ಲಿನಲ್ಲಿ ಪೆಡಲಿನ ಬಳಿಯ ಹಲ್ಲುಗಾಲಿಗೆ 44 ಹಲ್ಲುಗಳೂ ಹಿಂಚಕ್ರದ ಹಲ್ಲುಗಾಲಿಗೆ 18 ಹಲ್ಲುಗಳೂ ಇವೆಯೆಂದಿಟ್ಟುಕೊಳ್ಳೋಣ. ಪೆಡಲು ಒಂದು ಸುತ್ತು ತಿರುಗಿದರೆ ಚಕ್ರವು ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 28 ಅಂಗುಲದ ಚಕ್ರವಾದರೆ ಗಾಡಿಯು ಐದು ಮೀಟರಿಗಿಂತಲೂ ಹೆಚ್ಚು ಮುಂದೆ ಸಾಗುತ್ತದೆ. ಸಮತಟ್ಟಿನಲ್ಲಿ ಇದು ಲಾಭವೇ. ಏರಿನಲ್ಲಿ ಮಾತ್ರ ಒಂದೊಂದು ತುಳಿತಕ್ಕೂ ಮೈಭಾರವನ್ನೆಲ್ಲ ಹಾಕಬೇಕಾಗುತ್ತದೆ. ಗೇರುಳ್ಳ ಬೈಸಿಕಲ್ಲಿನಲ್ಲಿ ಮುಂದೆಯೂ ಹಿಂದೆಯೂ 28 ಹಲ್ಲುಗಳ ಗಾಲಿಗಳಿಗೆ ಚೈನನ್ನು ಹೊಂದಿಸಿದರೆ, ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು ತಿರುಗಿ, 26 ಅಂಗುಲದ ಚಕ್ರದ ಗಾಡಿಯು ಎರಡು ಮೀಟರಿನಷ್ಟು ಮಾತ್ರ ಸಾಗುತ್ತದೆ. ಆಗ ಕಾಲಿನ ಮೇಲೆ ಬೀಳುವ ಭಾರವು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಪೆಡಲನ್ನು ಮಾತ್ರ ಹೆಚ್ಚು ಸಲ ತಿರುಗಿಸಬೇಕು. ಗುಡ್ಡೆಯನ್ನು ಹತ್ತುವ ಒಟ್ಟು ಕೆಲಸವನ್ನು ಗೇರು ಕಡಿಮೆ ಮಾಡಲಾರದು. ಒಮ್ಮೆಲೇ ಹೊರಲಾಗದ ಹೊರೆಯನ್ನು ಹಲವು ಸಣ್ಣ ಕಂತೆಗಳನ್ನಾಗಿ ಮಾಡಿಕೊಡುವುದೇ ಅದರ ಕೆಲಸ.

ಇದಕ್ಕೆ ಹಿರಿಯರು ಒಂದು ಆಕ್ಷೇಪವನ್ನು ಎತ್ತುವುದುಂಟು. ಒಂದು ಕಾಲದಲ್ಲಿ ಮೀನು ಮಾರುವವರು ದಕ್ಕೆಯಿಂದ ಮೀನಿನ ಬುಟ್ಟಿಗಳನ್ನು ಗೇರಿಲ್ಲದ ಬೈಸಿಕಲ್ಲಿನ ಮೇಲೆ ಹೇರಿಕೊಂಡು ಒಳನಾಡಿನ ಹಳ್ಳಿಗಳವರೆಗೂ ಹೋಗಿ ಬರುತ್ತಿದ್ದರು. ಅಂಚೆಯವರು ಇಡೀ ಊರನ್ನು ಸುತ್ತುತ್ತಿದ್ದರು. ಅವರಿಗೆ ಬೇಡವಾಗಿದ್ದ ಗೇರು ಇಂದಿನ ಹುಡುಗರಿಗೆ ಏಕೆ ಬೇಕು ಎಂಬುದು ಅವರ ವಾದ. ಆ ದುಡಿಮೆಗಾರರ ಬಗೆಗೆ ಗೌರವ ಇರಬೇಕಾದುದೇ. ಆದರೆ ಏರು ಬಂದಾಗ ಅವರೂ ಇಳಿದು ಗಾಡಿಯನ್ನು ತಳ್ಳಿಕೊಂಡೇ ಹೋಗುತ್ತಿದ್ದರೆಂಬುದನ್ನು ಮರೆಯಲಾಗದು. ಅವರಿಗೆ ಗೇರು ಬೇಡವಾಗಿರಲಿಲ್ಲ, ದೊರೆತಿರಲಿಲ್ಲ. ಹಿಂದಿನವರು ಪಟ್ಟ ಕಷ್ಟವನ್ನು ಇಂದಿನವರೂ ಪಡಲೇಬೇಕೆಂಬ ನಿಯಮವೇನೂ ಇಲ್ಲ.

ಮಂಗಳೂರಿನ ಎರಡನೆಯ ವಿಶೇಷ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ಊರಿನಲ್ಲಿ ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಳೆಯ ಮಾದರಿಯ ಉಕ್ಕಿನ ರಿಮ್ಮು ಒದ್ದೆಯಾದಾಗ ಅದರ ಮೇಲೆ ಬ್ರೇಕಿನ ಹಿಡಿತ ಬಹಳ ಸಡಿಲವಾಗುತ್ತದೆ. ಚಕ್ರದ ನಡುವೆ ಕೂರಿಸಿದ ಡಿಸ್ಕ್ ಬ್ರೇಕಿಗೆ ಈ ದೋಷ ಕಡಿಮೆ. ಬಾವುಟಗುಡ್ಡೆಯ ಇಳಿಜಾರಿನಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಗಾಡಿ ನಿಲ್ಲಬೇಕಾದ ಕಡೆ ನಿಲ್ಲುವುದೋ ಇಲ್ಲವೋ ಎಂಬುದು ಜೀವದ ಪ್ರಶ್ನೆ. ಆದುದರಿಂದ ಒಳ್ಳೆಯ ಬ್ರೇಕಿಗೆ ಕೊಟ್ಟ ಹಣ ಎಂದಿಗೂ ವ್ಯರ್ಥವಲ್ಲ.

ಇಲ್ಲಿಯವರೆಗೆ ಹೇಳಿದುದರಿಂದ ಮೌಂಟನ್ ಬೈಕಿನ ಎಲ್ಲ ಅಂಗಗಳೂ ಬೆಲೆಗೆ ತಕ್ಕವು ಎಂದು ಭಾವಿಸಿದರೆ ತಪ್ಪಾದೀತು. ಗುಂಡಿ ಕಲ್ಲುಗಳ ಕಾಡುದಾರಿಯಲ್ಲಿ ಶಾಕ್ ಅಬ್ಸಾರ್ಬರ್ ಕೈಗಳನ್ನು ಕಾಪಾಡುತ್ತದೆ. ನಗರದ ಏರಿನಲ್ಲಿ ಎದ್ದು ನಿಂತು ತುಳಿಯುವಾಗ, ಸವಾರನ ಶಕ್ತಿಯ ಒಂದು ಪಾಲು ಅದರ ಸ್ಪ್ರಿಂಗನ್ನು ಒತ್ತುವುದರಲ್ಲೇ ಕಳೆದುಹೋಗುತ್ತದೆ. ಕಡಿಮೆ ಬೆಲೆಯ ಗಾಡಿಗಳಲ್ಲಿ ಅದು ತೂಕವನ್ನು ಹೆಚ್ಚಿಸುತ್ತದೆ. ಕಡಲ ಉಪ್ಪುಗಾಳಿಗೂ ಮಳೆನೀರಿಗೂ ಬೇಗ ತುಕ್ಕು ಹಿಡಿಯುತ್ತದೆ. ಮುಳ್ಳುಮುಳ್ಳಾದ ದಪ್ಪ ಟಯರು ಕೆಸರಿನಲ್ಲಿ ಹಿಡಿತ ಕೊಡುತ್ತದೆ; ಮಂಗಳೂರಿನ ಅನೇಕ ಮುಖ್ಯ ರಸ್ತೆಗಳಂಥ ಕಾಂಕ್ರೀಟು ರಸ್ತೆಯಲ್ಲಿ ಅದೇ ಟಯರು ಗಾಡಿಯನ್ನು ಹಿಂದಕ್ಕೆಳೆಯುತ್ತದೆ. ಇಪ್ಪತ್ತೊಂದು ಗೇರುಗಳೆಂಬ ಹೆಮ್ಮೆಯೂ ಅಷ್ಟೆ. ಮುಂದಿನ ಮೂರು, ಹಿಂದಿನ ಏಳು ಹಲ್ಲುಗಾಲಿಗಳ ಗುಣಲಬ್ಧವದು. ಅವುಗಳಲ್ಲಿ ಹಲವು ಒಂದೇ ಫಲವನ್ನು ಕೊಡುತ್ತವೆ. ದಿನದ ಓಡಾಟಕ್ಕೆ ಏಳೆಂಟು ಧಾರಾಳವಾಗಿ ಸಾಕು. ಇಷ್ಟೆಲ್ಲ ಇರುವ ಗಾಡಿಗೆ ಅನೇಕ ವೇಳೆ ಉದ್ದನೆಯ ಮಡ್‌ಗಾರ್ಡಾಗಲಿ ಪುಸ್ತಕದ ಚೀಲವನ್ನಿಡಲು ಕ್ಯಾರಿಯರಾಗಲಿ ಇರುವುದಿಲ್ಲ. ಮಳೆಗಾಲದಲ್ಲಿ ಸಮವಸ್ತ್ರದ ಬೆನ್ನಿಗೆ ಅಂಟುವ ಕೆಸರಿನ ಗೆರೆಯು ಆ ಕೊರತೆಯನ್ನು ಎಲ್ಲರಿಗೂ ತೋರಿಸಿಕೊಡುತ್ತದೆ. ಸಿರಿವಂತ ದೇಶವಾದ ನೆದರ್ಲೆಂಡಿನಲ್ಲಿ ಬೈಸಿಕಲ್ಲು ತೀರ ಸಾಮಾನ್ಯ ವಾಹನ. ಅಲ್ಲಿಯೂ ಮಳೆ ಬರುತ್ತದೆ. ಅಲ್ಲಿನ ಜನ ಹೆಚ್ಚಾಗಿ ಬಳಸುವುದು ಮಡ್‌ಗಾರ್ಡು, ದೀಪ, ಕ್ಯಾರಿಯರುಗಳಿರುವ ಸರಳ ಗಾಡಿಯನ್ನೇ. ತಮ್ಮ ನೆಲ ಸಮತಟ್ಟು ಎಂಬುದನ್ನು ಅವರು ಬಲ್ಲರು. ಅದಕ್ಕೆ ತಕ್ಕುದನ್ನು ಆರಿಸಿಕೊಂಡಿದ್ದಾರೆ.

ಉಳಿದ ಸಲಕರಣೆಗಳಲ್ಲಿಯೂ ಈ ವಿವೇಚನೆ ಬೇಕು. ಅವುಗಳಲ್ಲಿ ಶಿರಸ್ತ್ರಾಣಕ್ಕೆ ಮೊದಲ ಸ್ಥಾನ. ತಲೆ ನೆಲಕ್ಕೆ ಬಡಿದಾಗ ಅದರೊಳಗಿನ ಗಟ್ಟಿ ನೊರೆಯ ಪದರವು ತಾನು ನುಗ್ಗಾಗಿ, ಪೆಟ್ಟಿನ ರಭಸವನ್ನು ತಗ್ಗಿಸುತ್ತದೆ. ಒಮ್ಮೆ ಜೋರಾದ ಪೆಟ್ಟು ತಿಂದ ಶಿರಸ್ತ್ರಾಣವನ್ನು ಮತ್ತೆ ಬಳಸಬಾರದು. ತಲೆಗೆ ಸರಿಹೊಂದದ, ಪಟ್ಟಿ ಬಿಗಿಯದ ಶಿರಸ್ತ್ರಾಣದಿಂದ ಪ್ರಯೋಜನವಿಲ್ಲ. ಎರಡನೆಯದು ಮುಂದಿನ ಮತ್ತು ಹಿಂದಿನ ದೀಪ. ಪಣಂಬೂರಿನ ಬಂದರಿಗೆ ಹೋಗಿಬರುವ ಲಾರಿಗಳು ಓಡಾಡುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಮಳೆಯ ಮುಸುಕಿನ ಸಂಜೆಯಲ್ಲಿ, ಸವಾರನು ಇತರರ ಕಣ್ಣಿಗೆ ಕಾಣಿಸುವುದೇ ಅವನ ದೊಡ್ಡ ರಕ್ಷೆ. ಮೂರನೆಯದು ಮಳೆಯಂಗಿ. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿಯುವ ಸಾಹಸ ಇಳಿಜಾರಿನಲ್ಲಿ ಅಪಾಯಕರ. ಕೈಗವಸು, ಮೆತ್ತೆಯ ಚಡ್ಡಿ ಮುಂತಾದವು ಒಂದೇ ದಿನದಲ್ಲಿ ನಲವತ್ತು ಐವತ್ತು ಕಿಲೋಮೀಟರ್ ಸಾಗುವವರಿಗೆ ನಿಜವಾಗಿಯೂ ಹಿತ. ಮೂರು ಕಿಲೋಮೀಟರ್ ದೂರದ ಶಾಲೆಗೆ ಅವು ಬೇಕಿಲ್ಲ.

ಕೊನೆಗೆ ಹಣದ ಲೆಕ್ಕ. 18,000 ರೂಪಾಯಿಯ ಬೈಸಿಕಲ್ಲನ್ನು ಒಬ್ಬ ವಿದ್ಯಾರ್ಥಿ ವರ್ಷಕ್ಕೆ 200 ದಿನಗಳಂತೆ ಐದು ವರ್ಷ ಬಳಸಿದನೆನ್ನೋಣ. ಟಯರು, ಚೈನು, ದುರಸ್ತಿಗಳಿಗೆ ಇನ್ನೂ 7,000 ರೂಪಾಯಿ ತಗುಲಿದರೂ ದಿನವೊಂದಕ್ಕೆ ಬೀಳುವುದು 25 ರೂಪಾಯಿ. ಅದೇ ಗಾಡಿಯು 20 ದಿನ ಓಡಿ, ಅನಂತರ ಮಹಡಿ ಮೆಟ್ಟಿಲಿನ ಕೆಳಗೆ ಧೂಳು ಹಿಡಿಯುತ್ತ ನಿಂತರೆ ದಿನವೊಂದಕ್ಕೆ 900 ರೂಪಾಯಿ ಆಯಿತು. 7,000 ರೂಪಾಯಿಯ ಗಾಡಿಯನ್ನು ಕೊಂಡು, ಏರು ಹತ್ತಲಾಗದೆ 20 ದಿನಗಳಲ್ಲಿ ಬಿಟ್ಟುಬಿಟ್ಟರೆ ದಿನಕ್ಕೆ 350 ರೂಪಾಯಿ. ಬಳಸದೆ ಬಿಟ್ಟ ಅಗ್ಗದ ವಸ್ತುವು ದಿನವೂ ಬಳಸಿದ ದುಬಾರಿ ವಸ್ತುವಿಗಿಂತ ಹೆಚ್ಚು ದುಬಾರಿಯಾಗಬಲ್ಲುದು. ವಾರಕ್ಕೊಮ್ಮೆ ಚೈನಿಗೆ ಎಣ್ಣೆ ಹಾಕುವ, ನೆನೆದ ಗಾಡಿಯನ್ನು ಒರೆಸಿಡುವ ಅಭ್ಯಾಸವು ಈ ಲೆಕ್ಕವನ್ನು ಇನ್ನಷ್ಟು ಹಗುರಗೊಳಿಸುತ್ತದೆ.

ಆದರೆ ಬಹಳ ಸಲ ಬೆಲೆಯನ್ನು ನಿರ್ಣಯಿಸುವುದು ಏರೂ ಅಲ್ಲ, ಮಳೆಯೂ ಅಲ್ಲ. ಪಕ್ಕದ ಮನೆಯ ಹುಡುಗನ ಗಾಡಿ. ಗೆಳೆಯರ ಮುಂದೆ ಸಾಧಾರಣ ಬೈಸಿಕಲ್ಲನ್ನು ಏರಲು ನಾಚಿ, ಇರುವುದನ್ನೂ ಮೂಲೆಗೆ ಒರಗಿಸುವ ಮಕ್ಕಳಿದ್ದಾರೆ. ಅವರ ಹಟಕ್ಕೆ ಮಣಿದು ಸಾಲ ಮಾಡುವ ಹೆತ್ತವರೂ ಇದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಂಥ ಸಂದರ್ಭಗಳಿಗಾಗಿಯೇ ಹುಟ್ಟಿದ್ದು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದಾಗ, ಹಂಚಿದ ಗಾಡಿಗಳಿಗೆ ಗೇರೂ ಇರಲಿಲ್ಲ, ಶಾಕ್ ಅಬ್ಸಾರ್ಬರೂ ಇರಲಿಲ್ಲ. ದೂರದ ಶಾಲೆಗೆ ನಡೆದು ದಣಿಯುತ್ತಿದ್ದ ಹುಡುಗಿಯನ್ನು ಹೊತ್ತಿಗೆ ಸರಿಯಾಗಿ ತರಗತಿಗೆ ಮುಟ್ಟಿಸಿದ ಅಂಥ ಗಾಡಿಯ ಮೌಲ್ಯವನ್ನು ಯಾವ ಅಂಗಡಿಯ ಚೀಟಿ ಬರೆದೀತು?

ಆದುದರಿಂದ ಮೌಂಟನ್ ಬೈಕ್ ಬೆಲೆಗೆ ತಕ್ಕುದೇ ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಪಶ್ಚಿಮ ಘಟ್ಟದ ಮಗ್ಗುಲಿನ ಮಣ್ಣುದಾರಿಗಳಲ್ಲಿ ನಿಜಕ್ಕೂ ಸಾಗುವವನಿಗೆ ಅದು ತಕ್ಕುದೇ. ಮಂಗಳೂರಿನ ಗುಡ್ಡೆಗಳನ್ನು ದಿನವೂ ಏರಿಳಿಯುವವನಿಗೆ ಕೆಲವು ಗೇರುಗಳು, ನಂಬಬಹುದಾದ ಬ್ರೇಕು, ಮಡ್‌ಗಾರ್ಡು, ದೀಪ ಮತ್ತು ಶಿರಸ್ತ್ರಾಣಗಳಿಗೆ ಕೊಟ್ಟ ಹಣ ಸಾರ್ಥಕ. ಕೇವಲ ನೋಟಕ್ಕೆಂದು ಕೊಟ್ಟ ಹಣ ನಷ್ಟ. ಮನೆಯಿಂದ ಶಾಲೆಯವರೆಗಿನ ದಾರಿಯನ್ನು ಒಮ್ಮೆ ನಡೆದು ನೋಡಿ, ಎಲ್ಲಿ ಏರಿದೆ, ಎಲ್ಲಿ ಇಳಿಜಾರಿದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಗುರುತಿಸಿಕೊಂಡ ಮೇಲೆ ಅಂಗಡಿಗೆ ಹೋಗುವ ವಿದ್ಯಾರ್ಥಿಯು ಮೋಸಹೋಗುವ ಸಂಭವ ಕಡಿಮೆ.