ಪ್ರಸಂಗಪೀಠದ ಮೈಕು ಯಾರ ಬಾಯಿಗೆ ಒಪ್ಪತಕ್ಕದ್ದು?

ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಓದುವ ಈ ಸಂಚಿಕೆಯಲ್ಲಿ ಮೈಕಿನ ವಿಷಯವಾಗಿ ಬರೆಯುವುದು ಕೆಲವರಿಗೆ ಅಪ್ರಕೃತವೆಂದು ತೋರಬಹುದು. ಅದು ಸಭೆಯ ಖಜಾಂಚಿಯ ಕೆಲಸ, ತಪ್ಪಿದರೆ ಅಂಗಡಿಯವನ ಕೆಲಸ ಎಂದು ಅವರು ಹೇಳಾರು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ ಚಿಕ್ಕ ಸಭೆಯೊಂದು ಕೂಡುವಲ್ಲೆಲ್ಲ ರವಿವಾರ ಎದ್ದುನಿಂತು ಸತ್ಯವೇದದ ಪಾಠವನ್ನು ಓದುವವರಲ್ಲಿ ಹೆಣ್ಣುಮಕ್ಕಳಿದ್ದಾರೆ. ತಾಯಂದಿರ ಕೂಟದಲ್ಲಿ ಮಾತಾಡುವ ಹಿರಿಯಳಿದ್ದಾಳೆ. ಹೆಣ್ಣುಮಕ್ಕಳಿಗೆ ಓದು ಕಲಿಸುವ ಶಾಲೆಯವರಾದ ನಾವು, ಆ ಓದು ಹಿಂದಿನ ಬೆಂಚಿಗೆ ಮುಟ್ಟುವುದೋ ಇಲ್ಲವೋ ಎಂಬುದನ್ನು ಪರರ ಚಿಂತೆಗೆ ಬಿಟ್ಟು ಸುಮ್ಮನಿರಲಾರೆವು.

ಮೈಕನ್ನು ಕೊಳ್ಳುವ ರೂಢಿಯ ಕ್ರಮವನ್ನು ನೋಡಿರಿ. ಕಮಿಟಿಯ ನಾಲ್ವರು ಗಂಡಸರು ಪೇಟೆಗೆ ಹೋಗುವರು. ಅವರಲ್ಲಿ ಒಬ್ಬರು ಗಟ್ಟಿ ಕಂಠದಿಂದ "ಹಲೋ, ಒಂದು, ಎರಡು, ಮೂರು" ಎಂದು ಕೂಗುವರು. ಅಂಗಡಿ ತುಂಬ ಶಬ್ದವಾಗುವುದು. ಹಣವನ್ನು ಎಣಿಸಿ ಕೊಡುವರು. ಮುಂದಿನ ರವಿವಾರ ಸಭಾಪಾಲಕರ ಎತ್ತರಕ್ಕೆ ನಿಲ್ಲಿಸಿದ ಆ ಮೈಕಿನ ಮುಂದೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಂದು ನಿಲ್ಲುವಳು. ಮೈಕು ಅವಳ ಹಣೆಗಿಂತ ಮೇಲೆ. ಯಾರೋ ಹಿಂದಿನಿಂದ "ಕೇಳಿಸಲೊಲ್ಲದು" ಎನ್ನುವರು, ಇನ್ನಾರೋ ಹೋಗಿ ಶಬ್ದವನ್ನು ಏರಿಸುವರು, ಯಂತ್ರವು ಕುಯ್ಯೆಂದು ಚೀರುವುದು, ಹುಡುಗರು ನಗುವರು. ಹುಡುಗಿ ಉಳಿದ ವಚನಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿ ಕುಳಿತುಬಿಡುವಳು, ಮರುವಾರ ಕರೆದರೆ ಒಲ್ಲೆನೆನ್ನುವಳು. ಅವಳ ಧ್ವನಿಯೇ ಸಣ್ಣದು ಎಂದು ಎಲ್ಲರೂ ತೀರ್ಮಾನಿಸುವರು. ನಮ್ಮ ಅಭಿಪ್ರಾಯದಲ್ಲಿ ಈ ತೀರ್ಮಾನವು ಅನ್ಯಾಯದ್ದು.

ಅಂಗಡಿಯವರು ಗೂಸ್‌ನೆಕ್ ಎಂದು ಕರೆಯುವ ಬಾಗುಕತ್ತಿನ ಮೈಕು ಈ ಕಷ್ಟಕ್ಕೆ ತಕ್ಕ ಉಪಾಯವಾಗಿದೆ. ಪೀಠದ ಮೇಲೆ ಕೂಡಿಸಿದ ಆ ಸಪೂರ ಕತ್ತನ್ನು ಒಂದೇ ಕೈಯಿಂದ ಬಗ್ಗಿಸಿ, ಎತ್ತರದವರಿಗೂ ಗಿಡ್ಡವರಿಗೂ ಹೊಂದಿಸಬಹುದು. ತಿರುಪು ಸಡಿಲಿಸುವ ಕೆಲಸವಿಲ್ಲ. ಓದುವವಳ ಎರಡೂ ಕೈಗಳು ಪುಸ್ತಕಕ್ಕೆ ಬಿಡುವಾಗಿರುತ್ತವೆ. ಕೈಮೈಕನ್ನು ಹಿಡಿದು ಹಾಳೆ ತಿರುವುವ ಪಾಡನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಇವು ಸಾಮಾನ್ಯವಾಗಿ 12 ಅಂಗುಲ ಮತ್ತು 18 ಅಂಗುಲ ಉದ್ದದವು ಸಿಕ್ಕುತ್ತವೆ. ಉದ್ದನೆಯದು ನೋಟಕ್ಕೆ ಅಷ್ಟು ಚೆಂದವಲ್ಲವೆಂದು ಕೆಲವರು ಗಿಡ್ಡದನ್ನು ತರುತ್ತಾರೆ. ಅಗಲವಾದ ಪೀಠದ ಮೇಲೆ ದೊಡ್ಡ ಸತ್ಯವೇದವನ್ನು ತೆರೆದಿಟ್ಟಾಗ ಗಿಡ್ಡ ಕತ್ತಿನದು ಬಾಯಿಗೆ ಎಟಕುವುದೇ ಇಲ್ಲ. ನಾವಂತೂ ಉದ್ದನೆಯದನ್ನೇ ಕೊಳ್ಳಿರೆಂದು ಹೇಳುವೆವು.

ಯಾಕಂದರೆ ಇಲ್ಲಿ ಮುಖ್ಯವಾದದ್ದು ಅಂತರ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತವರು ಬಲ್ಲರು: ಆ ಭೋರ್ಗರೆತದಲ್ಲಿ ಎಷ್ಟು ಕೂಗಿದರೂ ಸುಖವಿಲ್ಲ, ಕಿವಿಯ ಬಳಿಗೆ ಬಾಯಿ ತರಬೇಕು. ಮೈಕೂ ಒಂದು ಕಿವಿಯೇ. ಬಾಯಿಯು ಮೈಕಿನಿಂದ ಒಂದು ಗೇಣು ದೂರವಿದ್ದದ್ದು ಎರಡು ಗೇಣಾದರೆ ನೇರವಾಗಿ ಮುಟ್ಟುವ ಶಬ್ದದ ಶಕ್ತಿಯು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ 6 ಡೆಸಿಬೆಲ್ ನಷ್ಟ. ಇತ್ತ 100 ವಾಟಿನ ಯಂತ್ರವನ್ನು ತೆಗೆದು 200 ವಾಟಿನದನ್ನು ತಂದರೆ ಲಾಭವಾಗುವುದು ಕೇವಲ 3 ಡೆಸಿಬೆಲ್. ಸಾವಿರಾರು ರೂಪಾಯಿ ಕೊಟ್ಟು ತಂದದ್ದಕ್ಕಿಂತ ಹೆಚ್ಚಿನದನ್ನು ಕತ್ತು ಬಗ್ಗಿಸಿ ಪುಕ್ಕಟೆ ಪಡೆಯಬಹುದು. ಅದೂ ಅಲ್ಲದೆ, ಭೋಂಗಾದಿಂದ ಹೊರಟ ಶಬ್ದವು ತಿರುಗಿ ಮೈಕಿಗೇ ಬಂದು, ಮತ್ತೆ ಹೆಚ್ಚಿ, ಮತ್ತೆ ಬಂದು ಸುತ್ತುವುದೇ ಆ ಚೀರಾಟದ ಕಾರಣ. ಬಾಯಿ ಹತ್ತಿರವಿದ್ದರೆ ಯಂತ್ರವನ್ನು ಅಷ್ಟು ಏರಿಸಬೇಕಾಗುವುದಿಲ್ಲ. ಭೋಂಗಾಗಳನ್ನು ಪೀಠಕ್ಕಿಂತ ಮುಂದೆ, ಜನರ ಕಡೆಗೆ ಮುಖಮಾಡಿ ಇಡುವುದೂ ಇದಕ್ಕಾಗಿಯೇ. ಹಲವು ಕಡೆ ಅವುಗಳನ್ನು ಪೀಠದ ಹಿಂದಿನ ಗೋಡೆಗೆ ತೂಗಹಾಕಿರುತ್ತಾರೆ. ಬಳಿಕ ಮೈಕನ್ನು ಬಯ್ಯುತ್ತಾರೆ.

ಕಾರ್ಡಿಯಾಯ್ಡ್ ಎಂಬ ಜಾತಿಯದು ಮುಂದಿನ ಶಬ್ದವನ್ನು ಚೆನ್ನಾಗಿ ಹಿಡಿದು ಹಿಂದಿನದನ್ನು ಬಹುಮಟ್ಟಿಗೆ ಬಿಡುತ್ತದೆ. ಇದಕ್ಕಿಂತ ಇಕ್ಕಟ್ಟಾದ ಸೂಪರ್ ಕಾರ್ಡಿಯಾಯ್ಡ್ ಒಳ್ಳೆಯದೆಂದು ಮಾರುವವರು ಹೊಗಳುವರು. ಅಭ್ಯಾಸವಿದ್ದ ಭಾಷಣಕಾರರಿಗೆ ಅದು ಸರಿ. ಓದುತ್ತ ಮುಖವನ್ನು ಅತ್ತಿತ್ತ ಹೊರಳಿಸುವ ಮಕ್ಕಳಿಗೆ ಮೊದಲನೆಯದೇ ಲೇಸು.

ಮಂದಿರದ ಸ್ವಭಾವವನ್ನೂ ನೋಡಬೇಕು. ಹುಕ್ಕೇರಿಯ ಹಳೆಯ ಗುಮ್ಮಟಗಳಂಥ ಕಟ್ಟಡದೊಳಗೆ ನಿಂತು ಮಾತಾಡಿದರೆ ಒಂದು ಶಬ್ದವು ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ. ಫರಸಿ ಹಾಸಿದ ನೆಲ, ಗಿಲಾವು ಮಾಡಿದ ಬರಿಗೋಡೆ, ಮೇಲೆ ಪತ್ರಾಸು ಇದ್ದ ನಮ್ಮ ಮಂದಿರಗಳಲ್ಲಿಯೂ ಅಲ್ಪಸ್ವಲ್ಪ ಇದೇ ಗತಿ. 1895ರಲ್ಲಿ ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ವ್ಯಾಖ್ಯಾನಮಂದಿರದಲ್ಲಿ ಯಾರ ಮಾತೂ ತಿಳಿಯದೆ ಹೋದಾಗ ವಾಲೇಸ್ ಸಬೀನ್ ಎಂಬ ಪ್ರಾಧ್ಯಾಪಕರು ಆ ಕೋಣೆಯಲ್ಲಿ ಕುರ್ಚಿಯ ಮೆತ್ತೆಗಳನ್ನು ಹರವಿ, ಶಬ್ದ ಎಷ್ಟು ಹೊತ್ತು ಉಳಿಯುವುದೆಂದು ಅಳೆದರು. ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಅನುರಣನ ಕಡಿಮೆಯಾಯಿತು. ಆದುದರಿಂದ ದೊಡ್ಡ ಯಂತ್ರಕ್ಕೆ ಚಂದಾ ಎತ್ತುವ ಮೊದಲು ಎರಡು ಜಮಖಾನೆಗಳನ್ನೂ ಕಿಟಕಿಗಳಿಗೆ ದಪ್ಪ ಪರದೆಗಳನ್ನೂ ಕೊಂಡು ನೋಡಲಿ. ಕುಳಿತ ಜನರೂ ಶಬ್ದವನ್ನು ಹೀರುವರು; ಬರಿದಾದ ಮಂದಿರದಲ್ಲಿ ಶನಿವಾರ ಮಾಡಿದ ಪರೀಕ್ಷೆಯು ರವಿವಾರಕ್ಕೆ ಹೊಂದದಿರುವುದು ಇದರಿಂದಲೇ.

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಕೂಡಿಬಂದ ಶ್ರೀಕೃಷ್ಣ ಪಾರಿಜಾತವು ಹುಟ್ಟಿದ ನೆಲವಿದು; ಆ ಆಟದಲ್ಲಿ ಹೆಸರುಗೊಂಡ ಕೌಜಲಗಿ ನಿಂಗಮ್ಮನವರ ಊರೂ ಇಲ್ಲಿಯದೇ. ಬಯಲಲ್ಲಿ ಹಾಡಿ ಸಾವಿರ ಜನಕ್ಕೆ ಕೇಳಿಸುವ ಕಂಠಗಳ ಸೀಮೆಯಲ್ಲಿ ಮೈಕಿನ ಹಂಗೇಕೆ ಎಂದು ಹಿರಿಯರು ಕೇಳುವರು. ಆ ಕಂಠಗಳು ವರ್ಷಗಟ್ಟಲೆ ಪಳಗಿದವು. ರಂಗದ ಸುತ್ತ ಜನರು ಒತ್ತಾಗಿ ಕೂಡುತ್ತಿದ್ದರು. ಬಯಲಿನಲ್ಲಿ ಮಾರ್ದನಿಯ ಕಾಟವಿರಲಿಲ್ಲ. ಶಾಲೆಯ ಹುಡುಗಿಗೆ ಆ ಪಳಗುವಿಕೆಯನ್ನು ಕೊಡಬೇಕೆಂಬುದನ್ನು ನಾವು ಒಪ್ಪುವೆವು, ಗಟ್ಟಿಯಾಗಿ ಓದಿಸುವ ತಾಸು ಈಗ ತೀರ ಕಡಿಮೆಯಾಗಿದೆ ಎಂದೂ ಹೇಳುವೆವು. ಆದರೆ ಅದು ಬರುವವರೆಗೆ ಅವಳು ಬಾಯಿ ಮುಚ್ಚಿಕೊಂಡಿರಲೆಂಬ ಮಾತನ್ನು ಒಪ್ಪಲಾರೆವು.

ಹೆಂಗಸರ ಧ್ವನಿಯ ಮೂಲಸ್ವರವು ಸುಮಾರು 165ರಿಂದ 255 ಹರ್ಟ್ಸ್‌ವರೆಗೆ ಇರುವುದು. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಗುಂಡಿ ಯಂತ್ರದಲ್ಲಿದ್ದರೆ ಅದನ್ನು ಹಾಕಿರಿ. ಪೀಠಕ್ಕೆ ಕೈ ತಾಗಿದ ಗುಡುಗುಡು ಸದ್ದು ಹೋಗುವುದು, ಓದುವವಳಿಗೆ ನಷ್ಟವೇನೂ ಇಲ್ಲ. ಚೀರಾಟವನ್ನು ತಡೆಯಲು ಟ್ರೆಬಲನ್ನು ಪೂರಾ ಇಳಿಸುವ ಚಾಳಿ ಮಾತ್ರ ಕೆಟ್ಟದ್ದು. ಸ, ಶ, ಚ, ತ ಮುಂತಾದ ಅಕ್ಷರಗಳ ಸ್ಪಷ್ಟತೆಯು ಮೇಲಿನ ಸ್ವರಗಳಲ್ಲಿಯೇ ಇದೆ. ಅವು ಹೋದರೆ ಶಬ್ದ ಕೇಳಿಸುವುದು, ಮಾತು ತಿಳಿಯದು. ನಮ್ಮ ಭಾಷೆಯ ಫಕಾರ, ಭಕಾರಗಳು ಮೈಕಿಗೆ ಉಸಿರಿನ ಪೆಟ್ಟು ಕೊಡುತ್ತವೆ. ಸ್ಪಂಜಿನ ಟೊಪ್ಪಿಗೆ ಹಾಕಿ, ಮೈಕನ್ನು ಗದ್ದದ ಮಟ್ಟದಲ್ಲಿ ಬಾಯಿಯ ಒಂದು ಮಗ್ಗುಲಿಗೆ ಇಟ್ಟರೆ ಆ ಪೆಟ್ಟು ತಪ್ಪುವುದು.

ವಿದ್ಯುತ್ತಿನ ಮಾತೊಂದು ಉಳಿಯಿತು. ಈಗಿನ ಬಾಗುಕತ್ತಿನ ಮೈಕುಗಳು ಬಹುತೇಕ ಎಲೆಕ್ಟ್ರೆಟ್ ಎಂಬ ತತ್ತ್ವದವು. 1962ರಲ್ಲಿ ಬೆಲ್ ಪ್ರಯೋಗಶಾಲೆಯ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬವರು ಇದನ್ನು ಸಾಧಿಸಿದರು. ಇವುಗಳಿಗೆ ತಂತಿಯ ಮೂಲಕವೇ ಸಣ್ಣ ವಿದ್ಯುತ್ತನ್ನು ಕೊಡಬೇಕು; ಫ್ಯಾಂಟಮ್ ಎನ್ನುವ ಆ ಸೌಕರ್ಯ, ಹೆಚ್ಚಾಗಿ 48 ವೋಲ್ಟಿನದು, ಸಭೆಯ ಹಳೆಯ ಯಂತ್ರದಲ್ಲಿ ಉಂಟೋ ಇಲ್ಲವೋ ಎಂದು ಕೇಳದೆ ಮೈಕನ್ನು ತಂದರೆ ಅದು ಮೂಕವಾಗಿ ಕೂಡುವುದು. ಹುಕ್ಕೇರಿ ತಾಲೂಕಿನವರು 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡ ಜಾಣರು. ಆದರೂ ಗಾಳಿಮಳೆಗೆ ತಂತಿ ಹರಿಯುವುದು ಯಾವ ಊರಿಗೂ ತಪ್ಪಿದ್ದಲ್ಲ. 12 ವೋಲ್ಟಿನ ಬ್ಯಾಟರಿಯಿಂದಲೂ ನಡೆಯುವ ಯಂತ್ರವನ್ನು ಆರಿಸುವುದು ಒಳಿತು.

ಕೊಳ್ಳುವ ದಿನ ಕಮಿಟಿಯವರು ತಮ್ಮೊಡನೆ ಇಬ್ಬರನ್ನು ಕರೆದೊಯ್ಯಲಿ: ಏಳನೆಯ ಇಯತ್ತೆಯ ಒಬ್ಬ ಹುಡುಗಿ, ಮೆಲುಧ್ವನಿಯ ಒಬ್ಬ ಅಜ್ಜಿ. ಸಾಧ್ಯವಿದ್ದರೆ ಅಂಗಡಿಯವನಿಗೇ ಮೈಕನ್ನು ತೆಗೆದುಕೊಂಡು ರವಿವಾರ ಮಂದಿರಕ್ಕೆ ಬರಹೇಳಲಿ. ಅವರಿಬ್ಬರೂ ಪರಿಚಯವಿಲ್ಲದ ಒಂದು ಅಧ್ಯಾಯವನ್ನು ಓದಲಿ. ಖಜಾಂಚಿಯವರು ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ, ಪುಸ್ತಕವಿಲ್ಲದೆ ಕುಳಿತು ಕೇಳಲಿ. ಕೇಳಿದ್ದನ್ನು ಕಾಗದದ ಮೇಲೆ ಬರೆಯಲಿ. ಬರೆದದ್ದು ಸರಿಯಾಗಿದ್ದರೆ ಹಣ ಕೊಡಲಿ.