ಮಗು ಬದುಕಿತು ಅಂತ ಕಡತ ಮುಚ್ಚಬೇಡಿ

ರಕ್ತದ ಕ್ಯಾನ್ಸರ್ ಗೆದ್ದು ಬಂದ ಮಗು ಶಾಲೆಯಲ್ಲಿ ಹಿಂದೆ ಬಿದ್ದರೆ ನಾವೇ "ದಡ್ಡ" ಅಂತೀವಿ. ದಡ್ಡತನ ನಮ್ಮದು. ರೋಗ ಮೆದುಳಿಗೆ ಹೋಗದಿರಲಿ ಅಂತ ಬೆನ್ನಿಗೆ ಚುಚ್ಚುವ ಮೆಥೊಟ್ರೆಕ್ಸೇಟ್, ತಲೆಗೆ ಕೊಡುವ ವಿಕಿರಣ, ಇವೇ ಎಷ್ಟೋ ಮಕ್ಕಳ ಗಮನ, ನೆನಪನ್ನು ಕುಗ್ಗಿಸುತ್ತವೆ.

ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯವರು ರಕ್ತದ ಕ್ಯಾನ್ಸರ್ ಇಲ್ಲವೇ ಮೆದುಳಿನ ಗೆಡ್ಡೆ ಗೆದ್ದ 68 ಮಕ್ಕಳ ಅಧ್ಯಯನವನ್ನು 2015ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮಕ್ಕಳಿಗೆ ಮನೆಯಲ್ಲೇ ಕಂಪ್ಯೂಟರಿನಲ್ಲಿ ಆಟದಂಥ 25 ಪಾಠ, 5ರಿಂದ 9 ವಾರ. ಆ ಮಕ್ಕಳ ನೆನಪು, ಗಮನ ಸುಧಾರಿಸಿತು. ಆಸ್ಪತ್ರೆಗೆ ಓಡಾಟವಿಲ್ಲ! ಬೋಡಿಮೆಟ್ಟಿನವರಿಗೆ ಇದರ ಬೆಲೆ ಗೊತ್ತು: ಬೋಡಿಗೆ ಇಳಿಯೋಕೇ 17 ಹೇರ್‌ಪಿನ್ ತಿರುವು, ಆಮೇಲೆ ಮದುರೈ ಬಸ್ಸು, ಏಲಕ್ಕಿ ತೋಟದ ಅವತ್ತಿನ ಕೂಲಿ ಹೋಯ್ತು.

ಆದರೆ ಭಾಷೆ? ಮನೆಯಲ್ಲಿ ಕನ್ನಡ ಆಡೋ ಮಗುವಿಗೆ ಇಂಗ್ಲಿಷಿನಲ್ಲಿ ಅಂಕಿ ಹೇಳಿ, "ಹಿಂದಿನಿಂದ ಹೇಳು" ಅಂದರೆ ನೀವು ಅಳೆದದ್ದು ನೆನಪನ್ನೋ ಇಂಗ್ಲಿಷನ್ನೋ? ಬ್ಯಾಂಕ್ ಕೌಂಟರಲ್ಲಿ ದಿನಾ ನೋಡ್ತೀವಿ, ಚಲನ್ ತುಂಬೋಕೆ ತಡವರಿಸೋ ಅಜ್ಜಿ ಬಡ್ಡಿ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಲ್ಲ.

ನಮ್ಮ ಮಕ್ಕಳಿಗೆ ಕನ್ನಡ ಲಿಪಿ ಬರಲ್ಲ, ಒಪ್ಪಿದ್ವಿ. ಕಿವಿಗೆ ಬರುತ್ತಲ್ಲ! ಒಂದರಿಂದ ಒಂಬತ್ತು ದನಿಮುದ್ರಿಸೋಕೆ ಎಷ್ಟು ಹೊತ್ತು ಬೇಕು? ನಾವೇ ಓದಿಕೊಡ್ತೀವಿ. ಚಿಕಿತ್ಸೆ ಮುಗಿಸಿ ಮನೆಗೆ ಕಳಿಸುವಾಗ ಮನೆಮಾತಲ್ಲೇ ಒಂದು ಪರೀಕ್ಷೆ, ಶಾಲೆಯ ಟೀಚರ್‌ಗೆ ಒಂದು ಪತ್ರ. ಸದ್ಯಕ್ಕೆ ಇಷ್ಟು ಕೊಡಿ.