ನೆರವು ಪಡೆದ ಗೆಲುವು ಅನರ್ಹವೇ?



2025ರ ಜೂನ್ 1ರಂದು, ಇಟಲಿಯ ಪ್ರಸಿದ್ಧ ಸೈಕಲ್ ಸ್ಪರ್ಧೆ 'ಜಿರೋ ದಿ ಇಟಾಲಿಯಾ'ದ ಕೊನೆಯ ದಿನ, ಸವಾರರು ವ್ಯಾಟಿಕನ್ ನಗರದ ಮೂಲಕ ಹಾದುಹೋದರು. ಜಗದ್ಗುರು 14ನೇ ಲಿಯೋ ಅವರು ಆ ಸವಾರರನ್ನು ಬರಮಾಡಿಕೊಂಡ ಚಿತ್ರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಂದು ಮುಂಚೂಣಿಯ ಸವಾರನಿಗೆ ಸಲ್ಲುವ ಗುಲಾಬಿ ಬಣ್ಣದ ಅಂಗಿಯನ್ನು ತೊಟ್ಟಿದ್ದವರು ಇಂಗ್ಲೆಂಡಿನ ಸೈಮನ್ ಯೇಟ್ಸ್. ರೋಮಿನಲ್ಲಿ ಅವರೇ ವಿಜೇತರೆಂದು ಘೋಷಿತರಾದರು. ಆದರೆ ಸ್ಪರ್ಧೆಯ 21 ಹಂತಗಳಲ್ಲಿ ಒಂದರಲ್ಲಿಯೂ ಅವರು ಮೊದಲಿಗರಾಗಿರಲಿಲ್ಲ. ನಿರ್ಣಾಯಕ ದಿನದಂದು ಅವರ ತಂಡದ ಜೊತೆಗಾರನೊಬ್ಬ ದಾರಿಯಲ್ಲಿ ಕಾದಿದ್ದು ಅವರಿಗೆ ನೆರವಾಗಿದ್ದ. ಇಂತಹ ಗೆಲುವುಗಳ ಬೆನ್ನಿಗೇ ಕೇಳಿಬರುವ ಮಾತೊಂದಿದೆ: "ಗೆದ್ದದ್ದು ಅವನಲ್ಲ, ಅವನ ತಂಡ. ಅವನು ಅರ್ಹ ವಿಜೇತನೇ ಅಲ್ಲ."

ಈ ಮಾತು ನ್ಯಾಯದ ಪರವಾದ ಮಾತಿನಂತೆ ತೋರುತ್ತದೆ. ಆದರೆ ಇದು ತಪ್ಪು ಮಾತು, ಅಷ್ಟೇ ಅಲ್ಲ, ಕೃತಘ್ನತೆಯ ಮಾತು ಎಂಬುದು ನನ್ನ ವಾದ.

ಮೊದಲು ಈ ಸ್ಪರ್ಧೆಯ ಸ್ವರೂಪವನ್ನು ತಿಳಿಯೋಣ. ಮೂರು ವಾರಗಳ ಕಾಲ ದಿನಕ್ಕೊಂದು ಹಂತದಂತೆ ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಬೇಕು. ಎಲ್ಲ ದಿನಗಳ ವೇಳೆಯನ್ನು ಕೂಡಿದಾಗ ಯಾರದು ಕಡಿಮೆಯೋ ಅವರು ವಿಜೇತರು. ಪ್ರತಿ ತಂಡದಲ್ಲಿ ಎಂಟು ಸವಾರರು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವವನಿಗೆ ದೊಡ್ಡ ವೈರಿ ಗಾಳಿ. ಮುಂದಿರುವವನು ಗಾಳಿಯನ್ನು ಸೀಳಿಕೊಂಡು ಹೋದರೆ, ಅವನ ಬೆನ್ನಿಗಂಟಿ ಬರುವವನಿಗೆ ಶ್ರಮದ ಸುಮಾರು ಮೂರನೆಯ ಒಂದು ಭಾಗ ಉಳಿಯುತ್ತದೆ. ಆದ್ದರಿಂದ ತಂಡದ ಸಹಾಯಕರು ಸರದಿಯಂತೆ ಗಾಳಿಗೆ ಎದೆಯೊಡ್ಡುತ್ತಾರೆ, ಹಿಂದಿನ ಕಾರಿನಿಂದ ನೀರಿನ ಬಾಟಲಿಗಳನ್ನು ಹೊತ್ತು ತರುತ್ತಾರೆ, ನಾಯಕನ ಚಕ್ರ ಕೆಟ್ಟರೆ ತಮ್ಮ ಚಕ್ರವನ್ನೇ ಕಳಚಿಕೊಡುತ್ತಾರೆ. ಇದಾವುದೂ ಗುಟ್ಟಾಗಿ ನಡೆಯುವುದಲ್ಲ. ಎಲ್ಲ ತಂಡಗಳೂ ಇದನ್ನು ಬಹಿರಂಗವಾಗಿ ಮಾಡುತ್ತವೆ.

ಇನ್ನು ಯೇಟ್ಸ್ ಅವರ ಆ ದಿನವನ್ನು ನೋಡಿರಿ. 20ನೆಯ ಹಂತದ ಆರಂಭದಲ್ಲಿ ಅವರು ಮೂರನೆಯ ಸ್ಥಾನದಲ್ಲಿದ್ದರು. ಗುಲಾಬಿ ಅಂಗಿ ತೊಟ್ಟಿದ್ದ ಮೆಕ್ಸಿಕೋದ 21 ವರ್ಷದ ತರುಣ ಇಸಾಕ್ ದೆಲ್ ತೋರೋ ಅವರಿಗಿಂತ 1 ನಿಮಿಷ 21 ಸೆಕೆಂಡು ಹಿಂದಿದ್ದರು. ಆ ದಿನದ ದಾರಿಯಲ್ಲಿ ಸುಮಾರು 18 ಕಿಲೋಮೀಟರು ಉದ್ದದ, ಮೇಲ್ಭಾಗದಲ್ಲಿ ಬರಿಯ ಜಲ್ಲಿಯ ರಸ್ತೆಯಿರುವ ಫಿನೆಸ್ತ್ರೆ ಘಾಟಿ ಇತ್ತು. ಆ ಏರಿನಲ್ಲಿಯೇ ಯೇಟ್ಸ್ ಇಬ್ಬರು ಪ್ರತಿಸ್ಪರ್ಧಿಗಳನ್ನು ಬಿಟ್ಟು ಒಂಟಿಯಾಗಿ ಮುನ್ನಡೆದರು. ಅಲ್ಲಿ ಅವರನ್ನು ಯಾರೂ ಎಳೆದೊಯ್ಯಲಿಲ್ಲ. ಅವರ ತಂಡದ ಬೆಲ್ಜಿಯಂ ಸವಾರ ವೌಟ್ ವಾನ್ ಆರ್ಟ್ ಅಂದು ಮೊದಲೇ ಮುಂದೆ ಹೋಗಿ ಘಾಟಿಯನ್ನು ದಾಟಿದ್ದರು. ಘಾಟಿಯಿಳಿದ ಮೇಲಿನ ಕಣಿವೆಯಲ್ಲಿ ಅವರು ಯೇಟ್ಸ್ ಅವರನ್ನು ಕೂಡಿಕೊಂಡು, ತಮ್ಮ ಶಕ್ತಿಯನ್ನೆಲ್ಲ ವ್ಯಯಿಸಿ, ಗಾಳಿಗೆ ಮುಂದಾಗಿ ಕರೆದೊಯ್ದರು. ಹಿಂದೆ ಉಳಿದ ದೆಲ್ ತೋರೋ ಮತ್ತು ಈಕ್ವೆಡಾರಿನ ರಿಚರ್ಡ್ ಕರಪಾಸ್ ಮಾಡಿದ್ದೇನು? ಬೆನ್ನಟ್ಟುವ ಶ್ರಮ ಇನ್ನೊಬ್ಬನದಾಗಲಿ ಎಂದು ಪರಸ್ಪರ ಮುಖ ನೋಡುತ್ತ ಉಳಿದರು. ಅವರು ಸೆಸ್ತ್ರಿಯೇರೆ ತಲುಪುವಾಗ ಯೇಟ್ಸ್ ಐದು ನಿಮಿಷಗಳಿಗೂ ಹೆಚ್ಚು ಮುಂದಿದ್ದರು.

ಈಗ ಹೇಳಿರಿ: ಒಬ್ಬನು ತನ್ನ ಗೆಲುವಿನ ಆಸೆಯನ್ನು ಬದಿಗಿಟ್ಟು ಜೊತೆಗಾರನಿಗಾಗಿ ದುಡಿದ. ಇನ್ನಿಬ್ಬರು ಪರಸ್ಪರ ನೆರವಾಗಲು ಒಪ್ಪದೆ ಇಬ್ಬರೂ ಸೋತರು. ಇದರಲ್ಲಿ ಅನ್ಯಾಯವೆಲ್ಲಿದೆ? ಮತ್ತೊಂದು ಸಂಗತಿಯನ್ನೂ ನೆನಪಿಡಬೇಕು. 2018ರಲ್ಲಿ ಇದೇ ಸ್ಪರ್ಧೆಯಲ್ಲಿ 13 ದಿನ ಗುಲಾಬಿ ಅಂಗಿ ತೊಟ್ಟಿದ್ದ ಯೇಟ್ಸ್, ಇದೇ ಫಿನೆಸ್ತ್ರೆ ಘಾಟಿಯಿದ್ದ ಹಂತದಲ್ಲಿ ಶಕ್ತಿಗುಂದಿ 38 ನಿಮಿಷಗಳಿಗೂ ಹೆಚ್ಚು ಕಳೆದುಕೊಂಡಿದ್ದರು. ಏಳು ವರ್ಷಗಳ ತರುವಾಯ ಅದೇ ಏರಿಗೆ ಮರಳಿ ಬಂದು ಗೆದ್ದವನನ್ನು ಅನರ್ಹನೆಂದು ಕರೆಯಲು ಯಾವ ಅಳತೆಗೋಲು ನಮ್ಮ ಬಳಿ ಇದೆ?

"ಸಹಾಯಕನೇ ನಾಯಕನಿಗಿಂತ ಬಲಶಾಲಿಯಾಗಿದ್ದರೆ?" ಎಂದು ನೀವು ಕೇಳಬಹುದು. ಇದು ಗಂಭೀರವಾದ ಪ್ರಶ್ನೆ. 1934ರ 'ಟೂರ್ ದ ಫ್ರಾನ್ಸ್' ಸ್ಪರ್ಧೆಯಲ್ಲಿ 20 ವರ್ಷದ ರನೆ ವಿಯೆತ್ತೊ ತಮ್ಮ ಚಕ್ರವನ್ನು ನಾಯಕ ಆಂತೊನಾಂ ಮಾಞ್ ಅವರಿಗೆ ಕೊಟ್ಟು, ರಸ್ತೆ ಬದಿಯ ಗೋಡೆಯ ಮೇಲೆ ಕಣ್ಣೀರಿಡುತ್ತ ಕುಳಿತ ಚಿತ್ರ ಇಂದಿಗೂ ಪ್ರಸಿದ್ಧ. ಗೆದ್ದವರು ಮಾಞ್. ಗೆಲ್ಲಬೇಕಾಗಿದ್ದವರು ವಿಯೆತ್ತೊ ಎಂದು ಬಹಳ ಜನ ನಂಬಿದರು. ಆದರೆ ವಿಯೆತ್ತೊ ಐದನೆಯವರಾಗಿ ಮುಗಿಸಿದಾಗ ಮಾಞ್ ಅವರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಹಿಂದಿದ್ದರು. ಕಾದು ಕುಳಿತ ನಿಮಿಷಗಳು ಆ ಅಂತರದ ಒಂದು ಅಂಶ ಮಾತ್ರ. ನಮ್ಮ ಅನುಕಂಪ ಸರಿಯಾದದ್ದೇ, ಆದರೆ ಅನುಕಂಪವು ಲೆಕ್ಕವನ್ನು ಅಳಿಸಲಾರದು.

2012ರಲ್ಲಿ ಕ್ರಿಸ್ ಫ್ರೂಮ್ ಬೆಟ್ಟದ ಏರುಗಳಲ್ಲಿ ತಮ್ಮ ನಾಯಕ ಬ್ರಾಡ್ಲಿ ವಿಗ್ಗಿನ್ಸ್ ಅವರಿಗಿಂತ ಚುರುಕಾಗಿದ್ದರು ಎಂಬುದನ್ನು ಎಲ್ಲರೂ ಕಂಡರು. ಆದರೂ ಅವರು ಕಾದರು. ವಿಗ್ಗಿನ್ಸ್ ಗೆದ್ದರು, ಫ್ರೂಮ್ 3 ನಿಮಿಷ 21 ಸೆಕೆಂಡುಗಳ ಅಂತರದಲ್ಲಿ ಎರಡನೆಯವರಾದರು. ಆದರೆ ತಂಡದ ನೆರವು ಸಿಗದ, ಒಬ್ಬೊಬ್ಬರೇ ಗಡಿಯಾರದೊಡನೆ ಸೆಣಸುವ ಎರಡು ದೀರ್ಘ ಹಂತಗಳಲ್ಲಿ ಮೊದಲಿಗರಾದವರು ಅದೇ ವಿಗ್ಗಿನ್ಸ್ ಎಂಬುದನ್ನು ಟೀಕಾಕಾರರು ಮರೆಯುತ್ತಾರೆ. ಮರುವರ್ಷ ಅದೇ ತಂಡದ ಸಹಾಯಕರು ಫ್ರೂಮ್ ಅವರಿಗಾಗಿ ದುಡಿದರು, ಅವರು ಗೆದ್ದರು. ಕೊಟ್ಟವನೇ ಮುಂದೆ ಪಡೆದವನಾದ.

ತಂಡವು ಎಂದಿಗೂ ತಪ್ಪು ಮಾಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. 2023ರ ಸ್ಪೇನ್ ದೇಶದ 'ವುವೆಲ್ತಾ' ಸ್ಪರ್ಧೆಯನ್ನು ನೋಡಿರಿ. ಅಮೆರಿಕದ ಸೆಪ್ ಕುಸ್ ಅದೇ ವರ್ಷ ಇಟಲಿಯಲ್ಲಿ ಪ್ರಿಮೋಜ್ ರೋಗ್ಲಿಚ್ ಅವರ ಗೆಲುವಿಗೂ, ಫ್ರಾನ್ಸಿನಲ್ಲಿ ಯೋನಾಸ್ ವಿಂಗೆಗೋರ್ ಅವರ ಗೆಲುವಿಗೂ ದುಡಿದಿದ್ದರು. ಸ್ಪೇನಿನಲ್ಲಿ ಮುಂಚೂಣಿಯ ಕೆಂಪು ಅಂಗಿ ಅವರ ಪಾಲಾಯಿತು. ಆದರೆ ಆಂಗ್ಲಿರು ಬೆಟ್ಟದ ಏರಿನಲ್ಲಿ ಆ ಇಬ್ಬರು ಜೊತೆಗಾರರೇ ಅವರನ್ನು ಹಿಂದೆ ಬಿಟ್ಟು ಮುಂದೆ ಸಾಗಿದರು. ಕುಸ್ ಅವರ ಬಳಿ ಉಳಿದದ್ದು ಬರಿಯ 8 ಸೆಕೆಂಡುಗಳ ಮುನ್ನಡೆ. ನೆರವನ್ನುಂಡವರು ನೆರವಿತ್ತವನನ್ನು ಕೈಬಿಟ್ಟ ಆ ದೃಶ್ಯ ಅನೇಕರ ಮನ ನೋಯಿಸಿತು. ಆಮೇಲೆ ತಂಡವು ಎಚ್ಚೆತ್ತು ಕುಸ್ ಅವರ ಬೆನ್ನಿಗೆ ನಿಂತಿತು. ಅವರು 17 ಸೆಕೆಂಡುಗಳಿಂದ ಗೆದ್ದರು. ತಪ್ಪಿದ್ದುದು ನೆರವಿನಲ್ಲಿ ಅಲ್ಲ, ಋಣವನ್ನು ಮರೆತದ್ದರಲ್ಲಿ.

"ಹಣವಂತ ತಂಡಗಳು ಒಳ್ಳೆಯ ಸಹಾಯಕರನ್ನೆಲ್ಲ ಕೊಂಡುಬಿಡುತ್ತವೆ" ಎಂಬ ಇನ್ನೊಂದು ಆಕ್ಷೇಪವಿದೆ. ಇದರಲ್ಲಿ ಹುರುಳಿದೆ. ಬೇರೆ ತಂಡದಲ್ಲಿ ನಾಯಕರಾಗಬಲ್ಲವರು ಶ್ರೀಮಂತ ತಂಡದಲ್ಲಿ ನೀರು ಹೊರುವುದುಂಟು. ಇದಕ್ಕೆ ಪರಿಹಾರ ಬೇಕಿದ್ದರೆ ತಂಡಗಳ ವೆಚ್ಚಕ್ಕೆ ಮಿತಿ ಹಾಕುವ ನಿಯಮವನ್ನು ಕೇಳೋಣ. ಅದನ್ನು ಬಿಟ್ಟು ನಿಯಮದೊಳಗೆ ಗೆದ್ದವನನ್ನು ಹೀಯಾಳಿಸುವುದರಿಂದ ಬಡ ತಂಡಕ್ಕೆ ಒಂದು ಸೆಕೆಂಡಿನ ಲಾಭವೂ ಇಲ್ಲ.

ಹಾಗಾದರೆ ಅನರ್ಹ ವಿಜೇತನೆಂದರೆ ಯಾರು? ಅದಕ್ಕೂ ಉದಾಹರಣೆಯಿದೆ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಸತತ ಏಳು ಬಾರಿ ಫ್ರಾನ್ಸಿನಲ್ಲಿ ಗೆದ್ದರು. ನಿಷೇಧಿತ ಮದ್ದುಗಳ ಬಳಕೆ ಸಾಬೀತಾಗಿ 2012ರಲ್ಲಿ ಆ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ಆ ವರ್ಷಗಳಿಗೆ ಇಂದಿಗೂ ಬೇರೆ ವಿಜೇತರನ್ನು ಹೆಸರಿಸಿಲ್ಲ. ಅವರ ವಿರುದ್ಧ ಸಾಕ್ಷ್ಯ ನುಡಿದವರಲ್ಲಿ ಅವರ 11 ಮಂದಿ ಹಳೆಯ ಜೊತೆಗಾರರೇ ಇದ್ದರು. ಅಲ್ಲಿಯೂ ತಂಡವಿತ್ತು, ಅಲ್ಲಿಯೂ ಸಹಕಾರವಿತ್ತು. ಆದರೆ ಅದು ಕತ್ತಲೆಯಲ್ಲಿ ನಡೆದ ಸಹಕಾರ. ಅರ್ಹತೆಯನ್ನು ಅಳೆಯುವಾಗ ಕೇಳಬೇಕಾದ ಪ್ರಶ್ನೆ "ಅವನು ಒಂಟಿಯಾಗಿ ಗೆದ್ದನೇ?" ಎಂಬುದಲ್ಲ. "ಅವನು ಪಡೆದ ನೆರವನ್ನು ಎಲ್ಲರ ಮುಂದೆ ಹೇಳಬಹುದೇ? ಅದನ್ನು ಅವನು ಒಪ್ಪಿಕೊಳ್ಳುವನೇ?" ಎಂಬುದು.

ಈ ಕ್ರೀಡೆಯಲ್ಲಿ ಒಂದು ಹಳೆಯ ಪದ್ಧತಿಯಿದೆ. ವಿಜೇತನು ಬಹುಮಾನದ ಹಣವನ್ನು ತನ್ನ ಸಂಗಡಿಗರಿಗೂ ತಂಡದ ಸಿಬ್ಬಂದಿಗೂ ಹಂಚುತ್ತಾನೆ. ಅಂಗಿ ಒಬ್ಬನದು, ಗೆಲುವು ಹಲವರದು ಎಂಬುದನ್ನು ಸವಾರರು ತಾವೇ ಒಪ್ಪಿಕೊಂಡಿದ್ದಾರೆ. ಒಪ್ಪದೆ ಉಳಿದವರು ನೋಡುಗರಾದ ನಾವು ಮಾತ್ರ.

ಏಕೆ ಒಪ್ಪುವುದಿಲ್ಲ? "ಯಾರ ಹಂಗೂ ಇಲ್ಲದೆ ಮೇಲೆ ಬಂದವನು" ಎಂಬುದನ್ನೇ ನಾವು ದೊಡ್ಡ ಹೊಗಳಿಕೆಯೆಂದು ಭಾವಿಸಿದ್ದೇವೆ. ನಮ್ಮ ಮನೆಗಳಲ್ಲಿಯೂ ಮಗನಿಗೆ ಒಳ್ಳೆಯ ಅಂಕ ಬಂದಾಗ "ಎಲ್ಲ ಅವನ ಸ್ವಂತ ಶ್ರಮ" ಎನ್ನುತ್ತೇವೆ. ನಸುಕಿನಲ್ಲಿ ಎದ್ದು ಅಡುಗೆ ಮಾಡಿದ ತಾಯಿ, ತನ್ನ ಓದನ್ನು ನಿಲ್ಲಿಸಿ ಕೆಲಸಕ್ಕೆ ಸೇರಿದ ಅಕ್ಕ ಆ ಮಾತಿನಲ್ಲಿ ಇಲ್ಲವಾಗುತ್ತಾರೆ. ಮಗನ ಅಂಕ ಅದರಿಂದ ಸುಳ್ಳಾಗುವುದಿಲ್ಲ, ಆದರೆ ನಮ್ಮ ಮಾತು ಸುಳ್ಳಾಗುತ್ತದೆ.

ಆದ್ದರಿಂದ, ಮುಂದಿನ ಬಾರಿ ದೂರದರ್ಶನದಲ್ಲಿ ಇಂತಹ ಸ್ಪರ್ಧೆಯನ್ನು ಕಂಡಾಗ, ಮೊದಲು ಬಂದವನು ಕೈಯೆತ್ತಿದೊಡನೆ ಎದ್ದು ಹೋಗಬೇಡಿರಿ. ಕೆಲವು ನಿಮಿಷ ಕಾಯಿರಿ. ದಣಿದು, ಧೂಳು ಮೆತ್ತಿಕೊಂಡು, ಬಹಳ ಹಿಂದೆ ಬರುವ ಅವನ ಜೊತೆಗಾರರನ್ನೂ ನೋಡಿರಿ, ಅವರ ಹೆಸರುಗಳನ್ನು ತಿಳಿದುಕೊಳ್ಳಿರಿ. ಗೆದ್ದವನು ಅರ್ಹನೇ ಎಂದು ನಿಮ್ಮ ಮಕ್ಕಳು ಕೇಳಿದರೆ, ಅವನು ಮೊದಲು ಯಾರನ್ನು ಅಪ್ಪಿಕೊಂಡನೆಂಬುದನ್ನು ಅವರಿಗೆ ತೋರಿಸಿರಿ.